ಗಾಳಿ ನಿಂತ ಮೇಲೆ

ಚಂಡಮಾರುತವೊಂದು ಕಡಲಿನಿಂದ ನೆಲಕ್ಕೆ ಬಂದೆರಗುವುದನ್ನು ಮನೆಯ ಪಡಸಾಲೆಯಲ್ಲಿ ಕುಳಿತೇ ಗಳಿಗೆ ಗಳಿಗೆಗೂ ಕಾಣುವ ಅನುಕೂಲ ಇಂದು ನಮಗೆಲ್ಲ ಒದಗಿದೆ. ಬೆಳ್ಳಗೆ ಸುತ್ತುವ ಮೋಡ, ಅದರ ನಡುವೆ ಕಣ್ಣು, ಕೆಳಗೆ ಗಾಳಿಯ ವೇಗದ ಅಂಕಿ. ನೋಡುತ್ತಲೇ ಜಪಸರ ಕೈಗೆತ್ತಿಕೊಳ್ಳುವವರುಂಟು. ನೋಡಿದಷ್ಟಕ್ಕೇ ತೃಪ್ತರಾಗುವವರೂ ಉಂಟು. ಹೀಗೆ ದೂರದಿಂದ ನೋಡುವವರು ಎಷ್ಟರಮಟ್ಟಿಗೆ ಮೋಸಹೋಗಬಹುದೆಂಬುದಕ್ಕೆ 2005ರ ಕತ್ರಿನಾ ಚಂಡಮಾರುತಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆ ವರ್ಷದ ಆಗಸ್ಟ್ 29, ಸೋಮವಾರ. ಅಮೆರಿಕದ ಲೂಯಿಸಿಯಾನಾ ರಾಜ್ಯದ ಬ್ಯೂರಾಸ್ ಎಂಬಲ್ಲಿ ಬೆಳಿಗ್ಗೆ ಆರು ಗಂಟೆ ದಾಟಿದೊಡನೆ, ಅಂದರೆ ನಮ್ಮಲ್ಲಿ ಸಂಜೆ ಐದರೊಳಗೆ, ಗಂಟೆಗೆ ಸುಮಾರು 205 ಕಿಲೋಮೀಟರ್ ವೇಗದಲ್ಲಿ ಅದು ನೆಲ ಮುಟ್ಟಿತು. ಹಿಂದಿನ ದಿನಕ್ಕಿಂತ ಗಾಳಿಯ ರಭಸ ತಗ್ಗಿತ್ತು. ಕಣ್ಣು ನ್ಯೂ ಆರ್ಲಿಯನ್ಸ್ ನಗರದ ಪೂರ್ವಕ್ಕೆ ಸರಿದು ಹೋಯಿತು. ನಗರ ಪಾರಾಯಿತೆಂದು ಅಂದು ಹಲವು ವರದಿಗಾರರು ಜಗತ್ತಿಗೆ ಸಾರಿದರು. ಅವರು ಹಾಗೆ ಸಾರುತ್ತಿದ್ದ ಹೊತ್ತಿಗೇ ಕಾಲುವೆಗಳ ತಡೆಗೋಡೆಗಳು ಒಡೆದು ಬಡವರ ಕೇರಿಗಳಿಗೆ ನೀರು ನುಗ್ಗುತ್ತಿತ್ತು. ಐವತ್ತಕ್ಕೂ ಹೆಚ್ಚು ಕಡೆ ಒಡ್ಡು ಒಡೆದು ನಗರದ ಶೇಕಡ 80ರಷ್ಟು ಭಾಗ ಮುಳುಗಿತು. ಗಾಳಿಯನ್ನೇ ದಿಟ್ಟಿಸುತ್ತಿದ್ದವರಿಗೆ ನೀರು ಕಾಣಲಿಲ್ಲ. ಇದು ದೇವರ ಮುನಿಸೆಂದು ಉಪದೇಶಿಸಿದವರಿಗೆ ನಮ್ಮ ಉತ್ತರವಿಷ್ಟೆ: ಒಡ್ಡುಗಳ ವಿನ್ಯಾಸದಲ್ಲೇ ದೋಷವಿತ್ತೆಂದು ಅವನ್ನು ನಿರ್ಮಿಸಿದ ಸೇನಾ ಎಂಜಿನಿಯರುಗಳ ವಿಭಾಗವೇ 2006ರಲ್ಲಿ ಒಪ್ಪಿಕೊಂಡಿತು.

ನೀರಿನ ಸುದ್ದಿಯನ್ನು ಸರಿಯಾಗಿ ಕೇಳಿಸಿಕೊಂಡವರಲ್ಲಿ ಒಂದು ಬಾನುಲಿ ಕೇಂದ್ರವಿತ್ತು. ಡಬ್ಲ್ಯು.ಡಬ್ಲ್ಯು.ಎಲ್. ಎಂಬ ಆ ಕೇಂದ್ರವನ್ನು 1922ರಲ್ಲಿ ಸ್ಥಾಪಿಸಿದವರು ಅಲ್ಲಿನ ಲೊಯೋಲಾ ವಿಶ್ವವಿದ್ಯಾಲಯದ ಯೇಸುಸಭೆಯ ಗುರುಗಳು. 2005ರ ವೇಳೆಗೆ ಅದು ಬೇರೆಯವರ ಕೈಸೇರಿತ್ತಾದರೂ ಆ ರಾತ್ರಿಗಳಲ್ಲಿ ಅದು ಮೌನವಾಗಲಿಲ್ಲ. ಅಟ್ಟ ಹತ್ತಿ ಕುಳಿತವರು ಫೋನ್ ಮಾಡಿ ನೆರವಿಗಾಗಿ ಮೊರೆಯಿಟ್ಟರು. ಕೇಂದ್ರದವರು ಕೇಳಿಸಿಕೊಂಡರು, ಬಿತ್ತರಿಸಿದರು.

ಇದೇ ಬಗೆಯ ನಿಷ್ಠೆ ಎಲ್ಲೆಡೆ ಇರಲಿಲ್ಲ. ನಗರದ ಬೃಹತ್ ಸಭಾಭವನದ ಮುಂದೆ ಅನ್ನ ನೀರಿಲ್ಲದೆ ನಿಂತ ಸಾವಿರಾರು ಜನರನ್ನು ದೂರದರ್ಶನ ತೋರಿಸುತ್ತಿದ್ದರೂ, ಅವರ ವಿಷಯ ತಮಗೆ ಗುರುವಾರವಷ್ಟೇ ತಿಳಿಯಿತೆಂದು ಕೇಂದ್ರ ಸರಕಾರದ ಪರಿಹಾರ ಇಲಾಖೆಯ ಮುಖ್ಯಸ್ಥ ಮೈಕೆಲ್ ಬ್ರೌನ್ ಹೇಳಿದರು. ಇನ್ನೊಂದೆಡೆ, ಇಲ್ಲದ ಸುದ್ದಿ ಗಾಳಿಗಿಂತ ವೇಗವಾಗಿ ಹಬ್ಬಿತು. ಸಾವಿರಾರು ಜನ ಆಶ್ರಯ ಪಡೆದಿದ್ದ ಸೂಪರ್‌ಡೋಮ್ ಕ್ರೀಡಾಂಗಣದಲ್ಲಿ ಕೊಲೆಗಳು, ಅತ್ಯಾಚಾರಗಳು ನಡೆಯುತ್ತಿವೆಯೆಂದು ಅಧಿಕಾರದಲ್ಲಿದ್ದವರೇ ನುಡಿದರು. ಕೊನೆಗೆ ಅಲ್ಲಿ ದೊರೆತದ್ದು ಆರು ಶವಗಳು, ಬಹುಪಾಲು ಸಹಜ ಕಾರಣಗಳಿಂದ ತೀರಿಕೊಂಡವರದು. ಲೂಟಿಯ ಭಯ ಎಷ್ಟಿತ್ತೆಂದರೆ ನಗರಾಧ್ಯಕ್ಷರು ಆಗಸ್ಟ್ 31ರಂದು ಸುಮಾರು 1,500 ಪೊಲೀಸರನ್ನು ರಕ್ಷಣಾಕಾರ್ಯದಿಂದ ಹಿಂದಕ್ಕೆ ಕರೆಸಿ ಲೂಟಿ ತಡೆಯಲು ನೇಮಿಸಿದರು. ಅಟ್ಟದ ಮೇಲಿದ್ದವರು ಕಾಯಬೇಕಾಯಿತು. ನಮ್ಮ ಕುಟುಂಬಗಳ ಗುಂಪುಗಳಲ್ಲಿ ಕ್ಷಣಮಾತ್ರದಲ್ಲಿ ಕೈಯಿಂದ ಕೈಗೆ ದಾಟುವ ಭೀಕರ ವಾರ್ತೆಗಳನ್ನು ಕಾಣುವಾಗ ಈ 1,500ರ ನೆನಪು ನಮ್ಮನ್ನು ಕಾಡುತ್ತದೆ.

ನ್ಯೂ ಆರ್ಲಿಯನ್ಸ್ ನಮಗೆ ಅಪರಿಚಿತ ನಗರವಲ್ಲ. ಕಥೋಲಿಕ ವಿಶ್ವಾಸ ಅಲ್ಲಿ ಆಳವಾಗಿ ಬೇರೂರಿದೆ. ಚಂಡಮಾರುತದ ತಿಂಗಳುಗಳಲ್ಲಿ ಅಲ್ಲಿನ ಬಲಿಪೂಜೆಗಳಲ್ಲಿ ಶೀಘ್ರ ಸಹಾಯದ ಮಾತೆಗೆ ಬಿನ್ನಹ ಸಲ್ಲುತ್ತದೆ. ಸಂತ ಲೂಯಿಸರ ಪ್ರಧಾನಾಲಯದ ಹಿಂದಿನ ತೋಟದಲ್ಲಿ ಅಂದು ದೊಡ್ಡ ಓಕ್ ಮರಗಳು ಉರುಳಿದವು. ನಡುವೆ ನಿಂತಿದ್ದ ಯೇಸುಸ್ವಾಮಿಯ ಪ್ರತಿಮೆಗೆ ಬೆರಳುಗಳಷ್ಟೇ ಮುರಿದವು. ಸ್ವಾಮಿಯೇ ಬಿರುಗಾಳಿಯನ್ನು ಕೈಯಿಂದ ತಳ್ಳಿದರೆಂದು ಜನ ಆಡಿಕೊಂಡರು. ಆ ಭಕ್ತಿಯನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ಪ್ರಧಾನಾಲಯವಿರುವ ಹಳೆಯ ಪೇಟೆ ಎತ್ತರದ ನೆಲ. ನೀರು ಅಲ್ಲಿಗೆ ಏರಲಿಲ್ಲ. ಕೆಳಗಿನ ಒಂಬತ್ತನೆಯ ವಾರ್ಡಿನಲ್ಲಿ ಅದೇ ಬೆಳಿಗ್ಗೆ ಮನೆಗಳು ಅಡಿಪಾಯ ಬಿಟ್ಟು ತೇಲಿದವು. ಅಲ್ಲಿದ್ದವರೂ ಪ್ರಾರ್ಥಿಸಿದ್ದರು.

ಲೂಯಿಸಿಯಾನಾದಲ್ಲಿ ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ 75 ವರ್ಷ ದಾಟಿದ ವೃದ್ಧರು. ಊರು ಬಿಡಿರೆಂಬ ಆಜ್ಞೆ ಹೊರಟಿತ್ತು, ನಿಜ; ವಾಹನವಿಲ್ಲದವರು, ಹಾಸಿಗೆ ಹಿಡಿದವರು ಹೇಗೆ ಬಿಡಬೇಕಿತ್ತು? ಸತ್ತವರು ಒಟ್ಟು 1,833 ಎಂಬ ಲೆಕ್ಕ ವರ್ಷಗಟ್ಟಲೆ ಚಲಾವಣೆಯಲ್ಲಿತ್ತು. ಅಮೆರಿಕದ ಚಂಡಮಾರುತ ಕೇಂದ್ರ 2023ರಲ್ಲಿ ಅದನ್ನು 1,392ಕ್ಕೆ ತಿದ್ದಿತು. ಗಾಳಿಯ ವೇಗ ನಿಮಿಷಕ್ಕೊಮ್ಮೆ ತಿಳಿಯುವ ಕಾಲದಲ್ಲಿ ಸತ್ತವರನ್ನು ಎಣಿಸಲು 18 ವರ್ಷ ಸಾಲದಾಯಿತು!

ಎಣಿಕೆಯ ಮಾತು ಬಂದಾಗ ನಾವು ನೆನೆಯುವುದು ನಗರದ ಪೂರ್ವ ಅಂಚಿನ ಒಂದು ಧರ್ಮಕೇಂದ್ರವನ್ನು. 1975ರಲ್ಲಿ ಯುದ್ಧದಿಂದ ಓಡಿಬಂದು ನೆಲೆನಿಂತ ವಿಯೆಟ್ನಾಮಿನ ಕಥೋಲಿಕರು ಕಟ್ಟಿಕೊಂಡ, ವಿಯೆಟ್ನಾಂ ರಾಣಿ ಮರಿಯಮ್ಮನವರ ದೇವಾಲಯವದು. ಕ್ಯಾಮೆರಾಗಳು ಬೇರೆ ಸುದ್ದಿಗಳತ್ತ ತಿರುಗುತ್ತಿದ್ದ ಆ ಅಕ್ಟೋಬರ್ ತಿಂಗಳಲ್ಲಿ, ವಿದ್ಯುತ್ತಿಲ್ಲದ ಕೇರಿಗೆ ಅವರು ಮರಳಿದರು. ಹಣ ಕಟ್ಟುವ ಗ್ರಾಹಕರು ಇದ್ದಾರೆಂದು ತೋರಿಸಿದರಷ್ಟೇ ವಿದ್ಯುತ್ ಕೊಡುವುದಾಗಿ ಕಂಪನಿ ಹೇಳಿತು. ಧರ್ಮಕೇಂದ್ರದ ಗುರುಗಳಾದ ವಂದನೀಯ ವಿಯೆನ್ ಥೆ ಗುಯೆನ್ ವಾದಕ್ಕೆ ನಿಲ್ಲಲಿಲ್ಲ. ಬಲಿಪೂಜೆಗೆ ನೆರೆದವರ ಭಾವಚಿತ್ರ ತೆಗೆದರು, ಹೆಸರುಗಳ ಪಟ್ಟಿ ಮಾಡಿದರು, ಕೊಂಡೊಯ್ದು ಕಂಪನಿಯವರ ಮುಂದಿಟ್ಟರು. ಆ ವರ್ಷ ಮುಗಿಯುವ ಮುನ್ನವೇ ಕೇರಿಯಲ್ಲಿ ದೀಪ ಹತ್ತಿತು.