ದೋಟಿ, ಹಿಮ ಮತ್ತು ಅಮ್ಮನ ಫೋನು

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕ್ರಿಕೆಟ್ ಬಂತು ಅಂದ ದಿನ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ದೀಪಾವಳಿ ನಡೀತು. ಅದೇ ಪಟ್ಟಿಯಲ್ಲಿ ‘ಲಕ್ರೋಸ್’ ಅಂತ ಇನ್ನೊಂದು ಹೆಸರೂ ಇತ್ತು. ಅದನ್ನು ಯಾರೂ ಗಮನಿಸಿದ ಹಾಗಿರಲಿಲ್ಲ. ನನಗೆ ಮಾತ್ರ ಆ ಹೆಸರು ಕಂಡ ಕೂಡಲೇ ಕಿಟಕಿಯ ಅರ್ಧದವರೆಗೆ ಏರಿದ್ದ ಹಿಮ ನೆನಪಾಯಿತು. ಜೊತೆಗೆ ಅಮ್ಮನ ಧ್ವನಿ.

ಲಕ್ರೋಸ್ ಅಂದರೆ ಏನು ಅಂತ ಅಮ್ಮನಿಗೆ ಹೇಳಿದ ಹಾಗೇ ನಿಮಗೂ ಹೇಳ್ತೀನಿ. ಉದ್ದ ಕೋಲು, ಅದರ ತುದಿಗೊಂದು ಸಣ್ಣ ಬಲೆ. ಗಟ್ಟಿ ರಬ್ಬರ್ ಚೆಂಡನ್ನು ಆ ಬಲೆಯಲ್ಲೇ ಹಿಡಿದು, ಓಡಿ, ಎಸೆದು, ಗೋಲಿಗೆ ಹೊಡೆಯಬೇಕು. ಅಮ್ಮ ಒಂದು ಕ್ಷಣ ಯೋಚಿಸಿ, “ಓ, ಸಪೋಟ ಕೀಳೋ ದೋಟಿ” ಅಂದಿದ್ದಳು. ಅಷ್ಟು ಚೆನ್ನಾಗಿ ವಿವರಿಸಿದವರನ್ನು ನಾನು ಅಮೆರಿಕದಲ್ಲೂ ನೋಡಿಲ್ಲ.

ನಾನು ಆಗ ಮೇರಿಲ್ಯಾಂಡ್‌ನ ಕೊಲಂಬಿಯಾದಲ್ಲಿದ್ದೆ. ಸೋಮವಾರಪೇಟೆ ಕಡೆಯವನು. ಕೊಡಗಿನಲ್ಲಿ ಬೆಳೆದ ಮೇಲೆ ಕೈಗೆ ಹಾಕಿ ಸ್ಟಿಕ್ ಬರದೇ ಇರೋದಿಲ್ಲ. ನನ್ನ ಅಪ್ಪನೂ ಊರಿನ ತಂಡದ ಗೋಲ್‌ಕೀಪರ್. ಆಫೀಸಿನ ಗೆಳೆಯನೊಬ್ಬ ಅದನ್ನು ಕೇಳಿ, ತನ್ನ ಬಡಾವಣೆಯ ಹೆಣ್ಣುಮಕ್ಕಳ ಲಕ್ರೋಸ್ ತಂಡಕ್ಕೆ ಸಹಾಯಕ ಕೋಚ್ ಆಗು ಅಂತ ಎಳೆದುಕೊಂಡು ಹೋದ. ಸಂಬಳವಿಲ್ಲ, ಟೀ ಶರ್ಟ್ ಮಾತ್ರ.

2015ರ ಗಣೇಶನ ಹಬ್ಬ ಆದ ಮೇಲೆ ಅಪ್ಪ ಹೋಗಿಬಿಟ್ಟರು. ನವೆಂಬರ್‌ನಲ್ಲಿ ಅಮ್ಮನನ್ನು ಕರೆದುಕೊಂಡು ಬಂದೆ. ಅಮ್ಮ ಅಡುಗೆ ಮಾಡುತ್ತಿದ್ದಳು, ಬಟ್ಟೆ ಮಡಚುತ್ತಿದ್ದಳು, ಕಿಟಕಿ ಪಕ್ಕ ಕೂರುತ್ತಿದ್ದಳು. ಅಪ್ಪನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಜನವರಿ ಕೊನೆಗೆ ಬಾಲ್ಟಿಮೋರ್‌ನಲ್ಲಿ ಲಕ್ರೋಸ್ ಕೋಚ್‌ಗಳ ಸಮ್ಮೇಳನ ಇದೆ ಅಂದಾಗ ತಕ್ಷಣ ದುಡ್ಡು ಕಟ್ಟಿದೆ. ಕಲಿಯೋ ಆಸೆ ಅಂತ ಎಲ್ಲರಿಗೂ ಹೇಳಿದೆ. ನಿಜ ಹೇಳಬೇಕೆಂದರೆ, ಆ ಮನೆಯ ಮೌನದಿಂದ ಎರಡು ದಿನ ತಪ್ಪಿಸಿಕೊಳ್ಳಬೇಕಿತ್ತು.

ಹಿಮಪಾತದ ಮುನ್ಸೂಚನೆ ವಾರವಿಡೀ ಟೀವಿಯಲ್ಲಿತ್ತು. ಅಂಗಡಿಗಳಲ್ಲಿ ಬ್ರೆಡ್ಡು, ಹಾಲು ಖಾಲಿ. ಗವರ್ನರ್ ತುರ್ತು ಪರಿಸ್ಥಿತಿಯನ್ನೂ ಘೋಷಿಸಿದ್ದರು. ಆದರೂ 22ನೇ ತಾರೀಖು ಶುಕ್ರವಾರ ಬೆಳಗ್ಗೆ, “ಒಂದೇ ರಾತ್ರಿ ಅಮ್ಮ, ಮೂವತ್ತು ಕಿಲೋಮೀಟರ್ ಅಷ್ಟೇ” ಅಂತ ಹೊರಟೆ. ಅಮ್ಮ “ಹೋಗ್ಬಾ” ಅಂದಳು. ಅವಳು ಬೇಡ ಅಂದಿದ್ದರೂ ಹೋಗುತ್ತಿದ್ದೆನೇನೋ.

ಮಧ್ಯಾಹ್ನ ಹಿಮ ಶುರುವಾಯಿತು. ಅಟ್ಲಾಂಟಿಕ್ ಸಾಗರದ ತೇವ ಗಾಳಿ, ಉತ್ತರದಿಂದ ಇಳಿದ ಕೊರೆಯುವ ಗಾಳಿ, ಎರಡೂ ಆ ಕರಾವಳಿಯ ಮೇಲೆ ಸೇರಿದರೆ ಹೀಗಾಗುತ್ತೆ. ಶನಿವಾರ ರಾತ್ರಿ ನಿಲ್ಲುವಷ್ಟರಲ್ಲಿ ಬಾಲ್ಟಿಮೋರ್ ವಿಮಾನ ನಿಲ್ದಾಣದಲ್ಲಿ 29.2 ಇಂಚು, ಅಂದರೆ ಹತ್ತಿರ ಹತ್ತಿರ 74 ಸೆಂಟಿಮೀಟರ್ ಬಿದ್ದಿತ್ತು. ಆ ಊರಿನ ದಾಖಲೆ. ರೈಲಿಲ್ಲ, ಬಸ್ಸಿಲ್ಲ, ಕಾರು ಓಡಿಸುವಂತಿಲ್ಲ. ಹೋಟೆಲ್‌ನಿಂದ ಸಮ್ಮೇಳನದ ಕಟ್ಟಡಕ್ಕೆ ಮೇಲ್ಸೇತುವೆ ಇದ್ದದ್ದರಿಂದ ನಾವು ಅಷ್ಟರ ಮಟ್ಟಿಗೆ ಓಡಾಡಿಕೊಂಡಿದ್ದೆವು. ಕೆಳಗೆ ರಸ್ತೆ ಯಾವುದು, ಫುಟ್‌ಪಾತ್ ಯಾವುದು ಗೊತ್ತಾಗುತ್ತಿರಲಿಲ್ಲ.

ಒಳಗೆ ನಮ್ಮೂರಿನ ಮಳೆಗೆ ಸಿಕ್ಕ ಜಾತ್ರೆಯ ಥರ. ಎಷ್ಟೋ ಮಳಿಗೆಗಳು ಬಟ್ಟೆ ಹೊದ್ದುಕೊಂಡೇ ಇದ್ದವು. ಭಾಷಣಕ್ಕೆ ಬರಬೇಕಿದ್ದ ಕೆಲವರ ವಿಮಾನವೇ ರದ್ದು. ಸಿಕ್ಕಿಹಾಕಿಕೊಂಡವರು ಸಿಕ್ಕಿದವರ ಹತ್ತಿರ ಕಲಿಯತೊಡಗಿದರು. ನನಗೆ ಸಿಕ್ಕಿದ್ದು ಅರವತ್ತು ದಾಟಿದ ಒಬ್ಬ ಸ್ಕೂಲ್ ಮೇಡಂ. ಕಾರ್ಪೆಟ್ ಹಾಸಿದ ಕಾರಿಡಾರ್‌ನಲ್ಲಿ ನಿಲ್ಲಿಸಿ ನನ್ನ ಕೈ ನೋಡಿದರು. ನಾನು ಹಾಕಿ ಸ್ಟಿಕ್ ಹಿಡಿದ ಹಾಗೆ ಬಿಗಿಯಾಗಿ ಹಿಡಿಯುತ್ತಿದ್ದೆ. ನಮ್ಮ ಹುಡುಗಿಯರಿಗೂ ಅದನ್ನೇ ಹೇಳಿಕೊಟ್ಟಿದ್ದೆ. ಹೆಣ್ಣುಮಕ್ಕಳ ಆಟದ ಕೋಲಿನಲ್ಲಿ ಬಲೆ ಆಳವಿರೋದಿಲ್ಲ, ಬಿಗಿ ಹಿಡಿದರೆ ಚೆಂಡು ಪುಟಿದು ಬಿದ್ದೇ ಬೀಳುತ್ತೆ. ಮಣಿಕಟ್ಟು ಸಡಿಲ ಬಿಟ್ಟು ಕೋಲನ್ನು ಆ ಕಡೆ ಈ ಕಡೆ ಮೆಲ್ಲಗೆ ತೂಗುತ್ತಾ ಓಡಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಇಟ್ಟಿರೋ ಹೆಸರೇ ತೊಟ್ಟಿಲು ತೂಗೋದು ಅಂತ. ಒಂದು ಸೀಸನ್ ಪೂರ್ತಿ ಆ ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೆ. ಚೆಂಡು ಬಿದ್ದಾಗಲೆಲ್ಲ ಅವರಿಗೇ ಬೈದಿದ್ದೆ.

ಸಂಜೆ ಒಂದು ಮೇಜಿನ ಮೇಲೆ ಮರದ ಕೋಲುಗಳನ್ನು ಕಂಡೆ. ಪಕ್ಕದಲ್ಲಿ ಒನೊಂಡಾಗ ಜನಾಂಗದ ಒಬ್ಬ ಹಿರಿಯರು. ಈ ಆಟ ಮೂಲತಃ ಅವರದ್ದು, ಅಂದರೆ ಹೌಡೆನೊಶೋನಿ ಮೂಲನಿವಾಸಿಗಳದ್ದು. ಹೆಸರು ಮಾತ್ರ ಆಮೇಲೆ ಬಂದ ಫ್ರೆಂಚರದ್ದು. ಹಿಕರಿ ಮರವನ್ನು ಸೀಳಿ, ಹಬೆಗೆ ಹಿಡಿದು ಬಗ್ಗಿಸಿ, ತಿಂಗಳುಗಟ್ಟಲೆ ಒಣಗಿಸಿದರೆ ಒಂದು ಕೋಲು. 2010ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೆ ಹೊರಟ ಇವರ ತಂಡವನ್ನು, ತಮ್ಮದೇ ಜನಾಂಗದ ಪಾಸ್‌ಪೋರ್ಟ್ ಹಿಡಿದಿದ್ದರು ಅನ್ನೋ ಕಾರಣಕ್ಕೆ ಇಂಗ್ಲೆಂಡ್ ಒಳಗೇ ಬಿಡಲಿಲ್ಲ. ಆಟ ಕೊಟ್ಟವರಿಗೇ ವೀಸಾ ಇಲ್ಲ! ಎಚ್1ಬಿ ಸ್ಟಾಂಪಿಂಗ್‌ಗೆ ಸಾಲಲ್ಲಿ ನಿಂತವರಿಗೆ ಇದು ಬೇಗ ಅರ್ಥವಾಗುತ್ತೆ.

ಅವರು ಇನ್ನೊಂದು ಮಾತು ಹೇಳಿದರು. ಅವರಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಗುಣವಾಗಲಿ ಅಂತ ಊರಿನವರು ಸೇರಿ ಈ ಆಟ ಆಡ್ತಾರಂತೆ. ಗಂಡುಮಗು ಹುಟ್ಟಿದರೆ ತೊಟ್ಟಿಲಲ್ಲಿ ಒಂದು ಪುಟ್ಟ ಕೋಲು. ಸತ್ತಾಗಲೂ ಪಕ್ಕದಲ್ಲಿ ಅವನ ಕೋಲು ಇಡುತ್ತಾರಂತೆ.

ರಾತ್ರಿ ಹತ್ತರ ಹೊತ್ತಿಗೆ ಅಮ್ಮನ ಫೋನು. ಹಿಂದೆ ಕಿವಿ ಹರಿಯುವ ಕಿರುಚಾಟ. “ಏನೋ ಇದು, ಒಗ್ಗರಣೆ ಹಾಕಿದ್ದಕ್ಕೆ ಗೋಡೆ ಬಡ್ಕೊಳ್ತಾ ಇದೆ!” ಹೊಗೆ ಅಲಾರಂ. “ಕಿಟಕಿ ತೆಗಿ, ಟವೆಲ್ ಬೀಸು” ಅಂತ ನಾನು ಇಲ್ಲಿಂದ ಕೂಗಿದೆ. ಕಿಟಕಿ ಹಿಮದಲ್ಲಿ ಕಚ್ಚಿಕೊಂಡಿತ್ತು. ನನ್ನ ಎದೆ ಹೊಡೆದುಕೊಳ್ಳತೊಡಗಿತು. ಕರೆಂಟು ಹೋದರೆ ಹೀಟರ್ ಇಲ್ಲ, ಅವಳಿಗೆ ಇಂಗ್ಲಿಷ್ ಬರೋಲ್ಲ, ನಾನು ಮೂವತ್ತು ಕಿಲೋಮೀಟರ್ ದೂರದಲ್ಲಿ ದೋಟಿ ಆಡಿಸುತ್ತಿದ್ದೀನಿ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಎದುರು ಮನೆಯ ಅಜ್ಜಿ ಬಂದು ಪೊರಕೆ ಹಿಡಿಯಿಂದ ಅಲಾರಂ ಗುಂಡಿ ಒತ್ತಿದ್ದರು. ಅವರಿಗೆ ಅಮ್ಮ ಚಿತ್ರಾನ್ನ ಕೊಟ್ಟು ಕಳಿಸಿದ್ದಳು.

“ಕ್ಷಮಿಸಮ್ಮ, ಬರಬಾರದಿತ್ತು ನಾನು” ಅಂದೆ.

“ಏನಾಗಿದೆ ಈಗ? ನಮ್ಮಲ್ಲಿ ಆಷಾಢದ ಮಳೆಗೆ ವಾರಗಟ್ಟಲೆ ಕರೆಂಟಿಲ್ಲದೆ ಕೂತಿರಲಿಲ್ವ? ಬಕೆಟ್ಟಲ್ಲಿ ನೀರು ತುಂಬಿಟ್ಟಿದೀನಿ. ಅಕ್ಕಿ ಇದೆ. ಇದು ಬಿಳಿ ಮಳೆ, ಸದ್ದಿಲ್ಲ ಅಷ್ಟೇ.” ಆಮೇಲೆ ಅವಳೇ, “ನಿನ್ನ ದೋಟಿ ಆಟ ಎಲ್ಲಿಗೆ ಬಂತು?” ಅಂತ ಕೇಳಿದಳು.

ಹೇಳಿದೆ. ತೊಟ್ಟಿಲು ತೂಗೋದು, ಹಿಕರಿ ಮರ, ಆ ಹಿರಿಯರು. ಬಾಯಿ ತಪ್ಪಿ ಸತ್ತವರ ಪಕ್ಕ ಕೋಲು ಇಡೋ ವಿಷಯವೂ ಬಂದುಬಿಟ್ಟಿತು. ಆ ಕಡೆಯಿಂದ ಸದ್ದಿಲ್ಲ. ಲೈನ್ ಹೋಯ್ತು ಅಂದುಕೊಂಡೆ.

“ನಿಮ್ಮಪ್ಪಂದು ಅಟ್ಟದ ಮೇಲಿದೆ” ಅಂದಳು. “ನಂಗೆ ಆವತ್ತು ಹೊಳೀಲೇ ಇಲ್ಲ ನೋಡು.”

ನಾನು ಏನೂ ಹೇಳಲಿಲ್ಲ. ಅವಳೇ ಮುಂದುವರಿದಳು. ಮದುವೆಯಾದ ಹೊಸದರಲ್ಲಿ ಅಪ್ಪ ಮ್ಯಾಚ್ ಮುಗಿಸಿ ಮೈಯೆಲ್ಲ ಕೆಸರು ಮಾಡಿಕೊಂಡು ಬಂದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು. ಅಜ್ಜಿಗೆ ಗೊತ್ತಾಗದ ಹಾಗೆ ಇವಳು ಬಿಸಿನೀರು ಸುರಿಯುತ್ತಿದ್ದದ್ದು. ಮೂವತ್ತೈದು ವರ್ಷದಲ್ಲಿ ಅಪ್ಪ ಆಡಿದ ಒಂದು ಮ್ಯಾಚನ್ನೂ ಅವಳು ನೋಡಿರಲಿಲ್ಲ. ಮಡಿಕೇರಿಯಲ್ಲಿ ಒಂದು ಸಲ ನೋಡೋದು ಅಂತ ಹೊರಟ ದಿನ ನನಗೆ ಜ್ವರ ಬಂದಿತ್ತಂತೆ. ಫೋನ್ ಬಿಸಿಯಾಗಿ ಕಿವಿ ಸುಡೋವರೆಗೆ ಮಾತಾಡಿದಳು. ನಾಲ್ಕು ತಿಂಗಳಲ್ಲಿ ಅಷ್ಟು ಮಾತು ಅದೇ ಮೊದಲು. ಎದುರಿಗಿದ್ದಿದ್ದರೆ ಇಬ್ಬರೂ ಟೀವಿ ನೋಡುತ್ತಾ ಕೂತಿರುತ್ತಿದ್ದೆವು. ಕೊನೆಗೆ, “ಊಟ ಮಾಡಿದ್ಯಾ?” ಅಂತ ಕೇಳಿ ಇಟ್ಟಳು.

ಭಾನುವಾರ ಬಿಸಿಲು ಬಂತು, ರಸ್ತೆ ಬರಲಿಲ್ಲ. ಸೋಮವಾರ ಎರಡು ಗಂಟೆ ಸಲಿಕೆ ಹಿಡಿದು ಕಾರು ಅಗೆದು ತೆಗೆದು ಮನೆ ಸೇರಿದೆ. ಕೈಯಲ್ಲಿ ಹೊಸ ಲಕ್ರೋಸ್ ಸ್ಟಿಕ್. ಅಮ್ಮ ಅದನ್ನು ಇಸಕೊಂಡು ಬಲೆಯೊಳಗೆ ಒಂದು ಈರುಳ್ಳಿ ಹಾಕಿ ತೂಗಿ ನೋಡಿದಳು. ಬೀಳಲಿಲ್ಲ. “ಎಷ್ಟು ಕೊಟ್ಟೆ ಇದಕ್ಕೆ?” ಅಂದಳು. ಡಾಲರಿನಲ್ಲಿ ಹೇಳಿದೆ. ಅವಳು ಮನಸ್ಸಲ್ಲೇ ರೂಪಾಯಿಗೆ ಗುಣಿಸಿ, “ಥೂ, ಹತ್ತು ದೋಟಿ ಬರ್ತಿತ್ತು” ಅಂತ ಆ ಈರುಳ್ಳಿ ತಗೊಂಡು ಒಳಗೆ ಹೋದಳು. ಒಲೆ ಹಚ್ಚೋ ಮೊದಲು ಕಿಟಕಿ ತೆಗೆದ ಸದ್ದು ಕೇಳಿಸಿತು.