ಹಳೇ ಸೇತುವೆಗಳನ್ನು ಸೈಕಲ್ಲಿಗೆ, ಕಾಲ್ನಡಿಗೆಗೆ ಬಿಟ್ಟುಕೊಡಿ



ಕಳೆದ ಚಳಿಗಾಲದಲ್ಲಿ ನಾವು ತಾಳವಾಡಿ ಕಡೆಯ ಐದು ಜನ ಸೈಕಲ್ ಹತ್ತಿ ಮೂರು ದಿನ ಕಪಿಲೆ, ಕಾವೇರಿ ದಂಡೆ ಸುತ್ತಿ ಬಂದೆವು. ಐದರಲ್ಲಿ ಎರಡು ಗೇರ್ ಸೈಕಲ್ಲು, ಮೂರು ಮಾಮೂಲಿ ಸೈಕಲ್ಲು. ಹೋಗುವಾಗ ಇದು ಬರೀ ತಿರುಗಾಟ ಅಂದುಕೊಂಡಿದ್ದೆವು. ವಾಪಸ್ ಬರುವಾಗ ತಲೆಯಲ್ಲಿ ಒಂದು ಮಾತು ಕೊರೆಯುತ್ತಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ತಾಳವಾಡಿಯಿಂದ ಸತ್ಯಮಂಗಲದ ಕಡೆ ಇಳಿಯಬೇಕೆಂದರೆ ದಿಂಬಂ ಘಾಟಿನ 27 ತಿರುವು. ಲಾರಿಗಳ ನಡುವೆ ಸೈಕಲ್ ಬಿಡೋದು ಹುಡುಗಾಟವಲ್ಲ. ಆದರೆ ಇತ್ತ ಚಾಮರಾಜನಗರದ ಕಡೆ ತಿರುಗಿದರೆ ದಾರಿ ಸಲೀಸು. ಅಲ್ಲಿಂದ ನಂಜನಗೂಡು, ಮೈಸೂರು, ಶ್ರೀರಂಗಪಟ್ಟಣ. ಇದು ಮೊದಲ ದಿನ, ಹತ್ತಿರ ಹತ್ತಿರ ನೂರು ಕಿಲೋಮೀಟರ್. ಎರಡನೇ ದಿನ ಬನ್ನೂರು, ತಿರುಮಕೂಡಲು ನರಸೀಪುರ, ತಲಕಾಡು ದಾಟಿ ಶಿವನಸಮುದ್ರ. ಮೂರನೇ ದಿನ ಕೊಳ್ಳೇಗಾಲ, ಯಳಂದೂರು, ಚಾಮರಾಜನಗರ, ಮನೆ.

ಹೊಳೆ ಸೀಮೆಯಲ್ಲಿ ಸೈಕಲ್ ತುಳಿಯುವ ಸುಖವೇ ಬೇರೆ. ದೊಡ್ಡ ಏರು ಇಲ್ಲ. ಒಂದು ಕಡೆ ಗದ್ದೆ, ಇನ್ನೊಂದು ಕಡೆ ನಾಲೆ, ಪ್ರತಿ ಊರಿಗೂ ಒಂದು ಅರಳೀಕಟ್ಟೆ, ಒಂದು ಟೀ ಅಂಗಡಿ. ತೊಂದರೆಯೂ ಉಂಟು. ರೈತರು ಹುರುಳಿ ಬಳ್ಳಿಯನ್ನು ರಸ್ತೆ ಮೇಲೆಯೇ ಹರಡಿರುತ್ತಾರೆ. ಕಾರಿನವರಿಗೆ ಅದು ಗೊತ್ತೇ ಆಗದು, ನಮಗೆ ಮಾತ್ರ ಚೈನಿಗೆ ಸುತ್ತಿಕೊಳ್ಳುತ್ತದೆ. ಬನ್ನೂರು ದಾಟುವಷ್ಟರಲ್ಲಿ ಎರಡು ಸಲ ಇಳಿದು ಬಳ್ಳಿ ಬಿಡಿಸಿದೆವು. ಅದನ್ನು ದೂರು ಅಂತ ಹೇಳುತ್ತಿಲ್ಲ. ನಮ್ಮ ಮನೆಯವರೂ ಅದನ್ನೇ ಮಾಡೋದು!

ನಿಜವಾದ ಭಯ ಹುಟ್ಟುವುದು ಹೊಳೆ ದಾಟುವಾಗ. ಹೊಸ ಸೇತುವೆ ಮೇಲೆ ನುಗ್ಗಿದರೆ ಪಕ್ಕಕ್ಕೆ ಸರಿಯಲು ಜಾಗ ಇಲ್ಲ. ಹಿಂದೆ ಕಬ್ಬಿನ ಲಾರಿ, ಮುಂದೆ ಬಸ್ಸು. ಸೇತುವೆಯ ಸೇರುಗೆರೆಯಲ್ಲಿ ಕಬ್ಬಿಣದ ಪಟ್ಟಿ ಎದ್ದಿರುತ್ತದೆ. ಮಳೆನೀರು ಇಳಿಯುವ ಜಾಲರಿಯ ಸಂದು ಚಕ್ರ ಹೋಗುವ ದಿಕ್ಕಿಗೇ ಇದ್ದರೆ ಸಪೂರ ಟೈರು ನೇರ ಒಳಗೆ. ದಾಟುವ ಆ ಎರಡು ಮೂರು ನಿಮಿಷ ಹೊಳೆ ನೋಡುವುದಿರಲಿ, ಉಸಿರೂ ಬಿಡಲಿಲ್ಲ.

ವಿಚಿತ್ರ ಏನೆಂದರೆ, ಈ ಹಾದಿಯ ಮೂರು ಕಡೆ ಹೊಸ ಸೇತುವೆಗೆ ಹತ್ತಿರದಲ್ಲೇ ಒಂದು ಹಳೇ ಸೇತುವೆ ಇದೆ.

ಮೊದಲನೆಯದು ನಂಜನಗೂಡಿನಲ್ಲಿ, ಕಪಿಲೆಯ ಮೇಲೆ. ಕಪಿಲೆ ಅಂದರೆ ಕಬಿನಿ, ನಮ್ಮ ವಯನಾಡಿನ ಬಂಧುಗಳ ಕಡೆಯಿಂದ ಹರಿದು ಬರುವ ಹೊಳೆ. ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ್ದು ಅಂತ ಹೆಸರಾದ ಕಮಾನು ಸೇತುವೆ ಅದು. ಎತ್ತಿನ ಗಾಡಿಗೆ ಅಂತ ಕಟ್ಟಿದ ಸೇತುವೆ ಮುಂದೆ ರೈಲನ್ನೂ ಹೊತ್ತಿತು. ಮೀಟರ್ ಗೇಜ್ ಕಾಲ ಮುಗಿಯುವವರೆಗೂ ಹೊತ್ತಿತು. ರೈಲು ಹೊತ್ತ ಬೆನ್ನಿಗೆ ಸೈಕಲ್ ಭಾರವೇ?

ಎರಡನೆಯದು ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ. ಟಿಪ್ಪು ಸುಲ್ತಾನ್ ಮಡಿದ ಐದು ವರ್ಷಕ್ಕೆ, 1804ರಲ್ಲಿ, ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ ಎದ್ದದ್ದು. ಹೆಸರು ಆಗಿನ ಗವರ್ನರ್ ಜನರಲ್‌ನದು, ಕೆಲಸ ಮಾತ್ರ ನಮ್ಮ ದೇವಸ್ಥಾನದ ಮಂಟಪದ್ದು. ಬಂಡೆಯ ಮೇಲೆ ಕಲ್ಲಿನ ಕಂಬ, ಕಂಬದ ತಲೆಗೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಹಾಸುಗಲ್ಲು. ಕಮಾನೇ ಇಲ್ಲ. ಸೈಕಲ್ ನಿಲ್ಲಿಸಿ ದಂಡೆಗೆ ಇಳಿದು ಕೆಳಗಿಂದ ನೋಡಿದರೆ, ಹೊಳೆಯ ಮಧ್ಯೆ ಯಾರೋ ಉದ್ದನೆಯ ಮಂಟಪ ಕಟ್ಟಿ ನೀರು ಬಿಟ್ಟಂತೆ ಕಾಣುತ್ತದೆ.

ಮೂರನೆಯದು ಶಿವನಸಮುದ್ರದ ಹತ್ತಿರ, ಸತ್ತೇಗಾಲದ ಕಡೆ. ಜನ ವೆಸ್ಲಿ ಸೇತುವೆ ಅನ್ನುತ್ತಾರೆ. ಅಲ್ಲಿ ಕಾವೇರಿ ಎರಡಾಗಿ ಒಡೆದು ದ್ವೀಪ ಮಾಡಿಕೊಂಡು, ಒಂದು ಕಡೆ ಗಗನಚುಕ್ಕಿ, ಇನ್ನೊಂದು ಕಡೆ ಭರಚುಕ್ಕಿಯಾಗಿ ಧುಮುಕುತ್ತದೆ. ದ್ವೀಪಕ್ಕೆ ದಾರಿ ಮಾಡಿಸಿದವರು ಅಲ್ಲಿಯ ಜಹಗೀರುದಾರರಾಗಿದ್ದ ರಾಮಸ್ವಾಮಿ ಮೊದಲಿಯಾರರು. ಈ ಕೆಲಸಕ್ಕೆ ಅವರಿಗೆ 'ಜನೋಪಕಾರ ಕಾಮಕರ್ತ' ಅನ್ನೋ ಬಿರುದು ಬಂತು. ಇದೂ ಕಂಬ, ತೊಲೆಯ ಸೇತುವೆಯೇ. ಆದರೆ ಇದು ಈಗ ಇಡಿಯಾಗಿಲ್ಲ. 2018ರ ಆಗಸ್ಟ್ ನೆರೆಯಲ್ಲಿ ಒಂದು ಭಾಗ ಕೊಚ್ಚಿಹೋಯಿತು.

ಅಲ್ಲಿ ನಿಂತಿದ್ದಾಗ ಬಟ್ಟೆ ಒಗೆದು ಮೇಲೆ ಬಂದ ಒಬ್ಬ ಅಜ್ಜ ಕೇಳಿದರು: "ಯಾವೂರು ಕಣ್ರಪ್ಪ ಸೈಕಲ್‌ನೋರು?"

"ತಾಳವಾಡಿ ಕಣಜ್ಜ."

"ಓ, ರಾಜ್‌ಕುಮಾರ್ ಊರ್ ಕಡೆಯೋರು! ಅದು ತಮಿಳ್ನಾಡಲ್ವಾ? ಕನ್ನಡ ಚೆಂದಾಗಿ ಆಡೀರಿ."

"ನಮ್ಮವ್ವ ಆಡೋ ಮಾತು ಅದೇ ಕಣಜ್ಜ."

ಅಜ್ಜ ನಕ್ಕು, ಹೊಳೆಯ ಕಡೆ ಕೈ ತೋರಿಸಿ ಅಂದರು: "ನಮ್ಮಪ್ಪನ ಕಾಲ್ದಲ್ಲಿ ನಾವೂ ಮದ್ರಾಸ್‌ನೋರೇ. ಅಗಾ, ಆಕಡೆಗೆ ಹೋದ್ರೆ ಮೈಸೂರು."

ಅಜ್ಜ ಹೇಳಿದ್ದು ಚರಿತ್ರೆ. 1956ರವರೆಗೂ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ನಮ್ಮ ತಾಳವಾಡಿಯೂ ಅದೇ ಜಿಲ್ಲೆಯಲ್ಲಿತ್ತು. ಹೊಳೆಯೇ ಗಡಿ. ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ಗಡಿ ಹೊಳೆ ಬಿಟ್ಟು ನಮ್ಮ ಹೊಲದ ಅಂಚಿಗೆ ಬಂದು ಕೂತಿತು. ಅಂದರೆ ಶಿವನಸಮುದ್ರದ ಆ ಸೇತುವೆಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಮೈಸೂರಿಗೂ ಮದ್ರಾಸಿನ ಕನ್ನಡಿಗರಿಗೂ ದಾರಿಯಾಗಿದ್ದವು. ಗೆರೆ ಎಲ್ಲಿ ಎಳೆದರೂ ಜನ ದಾಟುತ್ತಲೇ ಇದ್ದರು ಅನ್ನುವುದಕ್ಕೆ ಕಲ್ಲಿನ ಸಾಕ್ಷಿ ಅದು. ಅದರ ಒಂದು ತುಂಡು ಹೊಳೆ ಪಾಲಾಯಿತು. ಮಿಕ್ಕಿದ್ದು ಕಾಯುತ್ತಾ ನಿಂತಿದೆ.

ಹಾಗಾದರೆ ಏನು ಮಾಡಬೇಕು? ನಮ್ಮ ಮಾತು ಸರಳ. ಹಳೇ ಸೇತುವೆಗೆ ಎರಡೇ ಗತಿ ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ಒಂದೋ ಲಾರಿ ಓಡಿಸಿ ಸವೆಸುವುದು, ಇಲ್ಲವೇ ಬೇಲಿ ಹಾಕಿ ಮರೆಯುವುದು. ಮೂರನೇ ಗತಿಯೂ ಇದೆ. ಮೋಟಾರು ಗಾಡಿ ಪೂರ್ತಿ ನಿಲ್ಲಿಸಿ, ಸೈಕಲ್ಲಿಗೂ ನಡೆಯುವವರಿಗೂ ಬಿಟ್ಟುಕೊಡುವುದು.

"ಮುರಿದು ಬಿದ್ದರೆ ಯಾರು ಹೊಣೆ?" ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಅದಕ್ಕೇ ಮೊದಲು ಇಂಜಿನಿಯರುಗಳು ಪ್ರತಿ ಕಂಬ, ಪ್ರತಿ ತೊಲೆ ನೋಡಿ ಹೇಳಲಿ. ಭದ್ರ ಇಲ್ಲದ ಕಡೆ ಯಾರನ್ನೂ ಬಿಡುವುದು ಬೇಡ. ಆದರೆ ಲೆಕ್ಕ ಹಾಕಿ ನೋಡಿ. ಸವಾರನ ಸಮೇತ ಒಂದು ಸೈಕಲ್ ನೂರು ಕಿಲೋ ಮೇಲೆ ಹೋಗದು. ತುಂಬಿದ ಒಂದು ಕಬ್ಬಿನ ಲಾರಿಯ ಭಾರಕ್ಕೆ ಇಂಥ ಇನ್ನೂರು ಸೈಕಲ್ ಬೇಕಾದೀತು.

ಇನ್ನೊಂದು ಮಾತು. ಈ ಕಲ್ಲುಸೇತುವೆಗಳ ಶತ್ರು ಭಾರವೊಂದೇ ಅಲ್ಲ. ಕಲ್ಲಿನ ತೊಲೆ ಉದ್ದಕ್ಕೆ ಚಾಚಿದರೆ ಬಿರಿಯುತ್ತದೆ. ಅದಕ್ಕೇ ಹಿಂದಿನವರು ಕಂಬಗಳನ್ನು ಒತ್ತೊತ್ತಾಗಿ ನೆಟ್ಟರು. ನೆರೆ ಬಂದಾಗ ತೇಲಿಬರುವ ಮರ, ಬಿದಿರು, ಅಂತರಗಂಗೆ ಆ ಕಿರಿದಾದ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಂದು ಮುಚ್ಚಿದರೆ ಸೇತುವೆಯೇ ಅಣೆಕಟ್ಟಾಗುತ್ತದೆ, ನೀರಿನ ಒತ್ತಡವೆಲ್ಲ ಕಂಬದ ಮೇಲೆ. ಮೇಲೆ ಹಾಸುಗಲ್ಲಿನ ಸಂದಿಯಲ್ಲಿ ಅರಳಿ, ಆಲದ ಸಸಿ ಹುಟ್ಟಿ, ಬೇರು ಬಿಟ್ಟು ಕಲ್ಲು ಸೀಳುತ್ತದೆ. ಇದಕ್ಕೆ ಬೇಕಾದದ್ದು ಕೋಟಿಗಟ್ಟಲೆ ದುಡ್ಡಲ್ಲ. ಮಳೆಗಾಲದ ಮುಂಚೆ ಸಸಿ ಕೀಳುವ ಕೈ, ನೆರೆ ಇಳಿದ ಮೇಲೆ ಕಸ ತೆಗೆಯುವ ಕೈ.

ದಿನಾ ಜನ ಓಡಾಡುವ ಸೇತುವೆಯಾದರೆ ಆ ಕೈಗಳು ಬರುತ್ತವೆ. ಬಿರುಕು ಬಿಟ್ಟರೆ ಯಾರೋ ಒಬ್ಬರು ನೋಡುತ್ತಾರೆ, ಪಂಚಾಯ್ತಿಗೆ ಹೇಳುತ್ತಾರೆ, ಕೇಳದಿದ್ದರೆ ಜಗಳ ತೆಗೆಯುತ್ತಾರೆ. ಬೇಲಿ ಹಾಕಿದ ಸೇತುವೆಯ ಬಿರುಕನ್ನು ನೋಡುವವರು ಯಾರು? ಬಾಗಿಲು ಹಾಕಿದ ಮನೆಗೆ ಗೆದ್ದಲು ಬೇಗ.

"ಇವು ಬ್ರಿಟಿಷರ ಹೆಸರಿನ ಸೇತುವೆ, ಯಾಕೆ ಇಷ್ಟು ಪ್ರೀತಿ?" ಅಂತಲೂ ಒಬ್ಬ ಗೆಳೆಯ ಕೇಳಿದ. ಹೆಸರು ಇಟ್ಟವರು ಯಾರೋ ಇರಬಹುದು. ಮಾಡಿಸಿದವರು ಪೂರ್ಣಯ್ಯ, ರಾಮಸ್ವಾಮಿ ಮೊದಲಿಯಾರ್. ಕಲ್ಲು ಸೀಳಿದ, ಹೊತ್ತ, ನೆಟ್ಟ ಒಡ್ಡರ ಹೆಸರು ನಮಗೆ ಯಾರಿಗೂ ತಿಳಿಯದು. ಅವರ ನೆನಪಿಗೆ ಉಳಿದಿರುವುದು ಆ ಕಲ್ಲುಗಳು ಮಾತ್ರ.

ಆದ್ದರಿಂದ ನಾವು ಕೇಳುವುದು ನಾಲ್ಕೇ:

1. ಮೂರೂ ಸೇತುವೆಗಳ ಭದ್ರತೆಯನ್ನು ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲಿ ಜನರ ಮುಂದಿಡಲಿ.

2. ಭದ್ರವಾಗಿರುವ ಕಡೆ ಮೋಟಾರು ಗಾಡಿ ನಿಲ್ಲಿಸಿ, ಸೈಕಲ್ ಮತ್ತು ಕಾಲ್ನಡಿಗೆಗೆ ಮೀಸಲಿಡಲಿ.

3. ವೆಸ್ಲಿ ಸೇತುವೆಯಲ್ಲಿ ಮಿಕ್ಕಿರುವ ಭಾಗ ಮೊದಲು ಉಳಿಯಲಿ. ದುರಸ್ತಿ ಮಾಡುವುದಾದರೆ ಕಲ್ಲಿನಲ್ಲೇ ಮಾಡಲಿ. ಕಾಂಕ್ರೀಟ್ ಸುರಿದು ಕೈ ತೊಳೆದುಕೊಳ್ಳುವುದು ಬೇಡ.

4. ಮುಂದೆ ಕಟ್ಟುವ ಪ್ರತಿ ಹೊಸ ಸೇತುವೆಗೂ ಪಕ್ಕದಲ್ಲಿ ಸೈಕಲ್ ಹೋಗುವಷ್ಟು ಜಾಗ ಇರಲಿ. ಜಾಲರಿಯ ಸಂದು ಅಡ್ಡಕ್ಕೆ ಇರಲಿ.

ಹೊಳೆ ದಾಟುವ ಎಲ್ಲರೂ ನಮ್ಮ ಹಾಗೆ ತಿರುಗಾಟಕ್ಕೆ ಬಂದವರಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡು, ಹುಲ್ಲಿನ ಹೊರೆ ಹೇರಿಕೊಂಡು, ಇಸ್ಕೂಲ್ ಚೀಲ ನೇತುಹಾಕಿಕೊಂಡು ಸೈಕಲ್ ತುಳಿಯುವವರನ್ನು ಆ ಮೂರು ದಿನವೂ ಕಂಡೆವು. ಲಾರಿ ಸದ್ದಿಗೆ ಅವರೂ ನಮ್ಮ ಹಾಗೇ ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ನಾವು ಮೂರು ದಿನ ಪಟ್ಟ ಭಯ ಅವರಿಗೆ ದಿನನಿತ್ಯದ್ದು. ಈ ಬೇಡಿಕೆ ಮೊದಲು ಅವರದು.

ಕಾಸರಗೋಡಿನ ಚಂದ್ರಗಿರಿ, ಅಕ್ಕಲಕೋಟೆ ಸೀಮೆಯ ಭೀಮೆ, ಆದವಾನಿ ಕಡೆಯ ತುಂಗಭದ್ರೆ, ವಯನಾಡಿನ ಕಬಿನಿ. ನಿಮ್ಮ ಹೊಳೆಗಳ ಮೇಲೂ ಹಳೇ ಸೇತುವೆಗಳಿದ್ದರೆ ಒಮ್ಮೆ ಸೈಕಲ್ ಹತ್ತಿ ಹೋಗಿ ನೋಡಿ ಬನ್ನಿ. ಸಂದಿಯಲ್ಲಿ ಅರಳಿ ಸಸಿ ಕಂಡರೆ ನಮಗೂ ಬರೆದು ತಿಳಿಸಿ, ನಿಮ್ಮೂರ ಪಂಚಾಯ್ತಿಗೂ ತಿಳಿಸಿ.

ನಾವಂತೂ ಮಳೆಗಾಲಕ್ಕೆ ಮೊದಲು ಮತ್ತೆ ಸತ್ತೇಗಾಲಕ್ಕೆ ಹೋಗುತ್ತೇವೆ. ಆ ಅಜ್ಜ ಹೊರಡುವಾಗ ಅಂದಿದ್ದರು: "ಇನ್ನೊಂದ್ ಕಿತಾ ಬರೋವಾಗ ಸೇತ್ವೆ ಇದ್ದದೋ ಇಲ್ವೋ, ಬೇಗ ಬನ್ನಿ ಕಣ್ರಪ್ಪ."