ಕೊನೆಯ ದಿನಗಳು ಮತ್ತು ಸೊಸೆಯ ಹೆಗಲು

1996ರಲ್ಲಿ ನಮ್ಮ ಅತ್ತೆಯವರಿಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತು. ಇನ್ನು ಚಿಕಿತ್ಸೆಯಿಂದ ಪ್ರಯೋಜನವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಅವರು ಕೇಳಿದ್ದು ಒಂದೇ: "ನನ್ನ ಮನೆಗೆ ಕರ್ಕೊಂಡು ಹೋಗಮ್ಮ." ಕರೆತಂದೆವು. ನಾನು ಕಾಲೇಜಿಗೆ ರಜೆ ಹಾಕಿದೆ. ನನ್ನ ಗಂಡ ಹಾಕಲಿಲ್ಲ. ಹತ್ತನೆಯ ರಾತ್ರಿ ನೋವು ತಾಳಲಾರದೆ ಅವರು ಕೂಗಿಕೊಂಡರು. ಮನೆಯಲ್ಲಿದ್ದ ಯಾವ ಮಾತ್ರೆಗೂ ಅದು ಬಗ್ಗಲಿಲ್ಲ. ಮತ್ತೆ ಆಸ್ಪತ್ರೆಗೆ ಸಾಗಿಸಿದೆವು. ಎರಡು ದಿನಕ್ಕೆ ಅಲ್ಲೇ ತೀರಿಕೊಂಡರು. ತಿಥಿಗೆ ಬಂದ ನೆಂಟರು ದೂರಿದ್ದು ನನ್ನನ್ನು: "ನಾಲ್ಕು ದಿನ ನೋಡಿಕೊಳ್ಳೋಕೆ ಆಗಲಿಲ್ವೆ?"

ಆ ಮಾತು ಬಹಳ ವರ್ಷ ಚುಚ್ಚುತ್ತಿತ್ತು. 2006ರಲ್ಲಿ ಬಾರ್ಬರಾ ಗೋಮೆಸ್ ಮತ್ತು ಐರಿನ್ ಹಿಗಿನ್ಸನ್ ಎಂಬ ಇಬ್ಬರು ಮಹಿಳೆಯರು 13 ದೇಶಗಳ 58 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಕ್ಯಾನ್ಸರ್ ರೋಗಿ ಮನೆಯಲ್ಲೇ ಸಾಯುವುದಕ್ಕೆ ಯಾವುದು ಕಾರಣವಾಗುತ್ತದೆ ಎಂಬುದು ಅವರ ಪ್ರಶ್ನೆ. ಮುಖ್ಯವಾಗಿ ಕಂಡದ್ದು ಇವು: ರೋಗಿ ಹಾಸಿಗೆ ಹಿಡಿದಿರುವುದು, ರೋಗಿಯ ಸ್ವಂತ ಇಚ್ಛೆ, ಮನೆಗೇ ಬಂದು ನೋಡುವ ಆರೈಕೆ, ಅದು ಎಷ್ಟು ಸಲ ದೊರೆಯುತ್ತದೆ ಎನ್ನುವುದು, ಜೊತೆಯಲ್ಲಿರುವ ಬಂಧುಗಳು, ಮತ್ತು ದೊಡ್ಡ ಕುಟುಂಬದ ಆಸರೆ. ಸೊಸೆಯ ಒಳ್ಳೆಯತನ ಆ ಪಟ್ಟಿಯಲ್ಲಿಲ್ಲ.

ಆದರೆ ನಮ್ಮಲ್ಲಿ ಕುಟುಂಬದ ಆಸರೆ ಎಂದರೆ ಯಾರು? ಮಲಮೂತ್ರ ತೆಗೆಯುವುದು, ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ರಾತ್ರಿ ಎದ್ದು ಕೂರುವುದು ಎಲ್ಲವೂ ಒಬ್ಬ ಹೆಂಗಸಿನ ಪಾಲು. ಅವಳು ಬೀಡಿ ಕಟ್ಟುವುದನ್ನೋ ಗಾರ್ಮೆಂಟ್ಸ್ ಕೆಲಸವನ್ನೋ ಬಿಟ್ಟರೆ ಕೂಲಿ ಹೋಯಿತು. ಸಂಘದ ಸಾಲದ ಕಂತು ಮಾತ್ರ ಕಾಯುವುದಿಲ್ಲ. ಇನ್ನು ಹಾಸಿಗೆ ಹಿಡಿದವಳು ಸೊಸೆಯೇ ಆದರೆ? "ತವರಿಗೆ ಕಳಿಸಿ" ಎಂದ ಮನೆಗಳನ್ನು ನಾನೇ ಕಂಡಿದ್ದೇನೆ. ಅವಳ ಇಚ್ಛೆ ಏನೆಂದು ಕೇಳಿದವರಿಲ್ಲ. ಮದುವೆಯಲ್ಲಿ ತಂದ ಬಂಗಾರ ಗಂಡನ ಮನೆಯಲ್ಲೇ ಉಳಿಯಿತು, ಅವಳನ್ನಷ್ಟೇ ಕಳಿಸಿದರು.

ನಮ್ಮ ಅತ್ತೆಯವರ ನೋವಿಗೆ ಔಷಧಿ ಇರಲಿಲ್ಲವೆಂದಲ್ಲ. ಮಾರ್ಫಿನ್ ಮಾತ್ರೆ ದುಬಾರಿಯಲ್ಲ, ವೈದ್ಯರು ಬರೆದುಕೊಟ್ಟರೆ ಮನೆಯಲ್ಲೇ ನುಂಗಬಹುದು. 1985ರ ಮಾದಕವಸ್ತು ಕಾಯಿದೆಯ ಪರವಾನಗಿ ತೊಡಕಿಗೆ ಹೆದರಿ ಎಷ್ಟೋ ಆಸ್ಪತ್ರೆಗಳು ಅದನ್ನು ಇಡುತ್ತಲೇ ಇರಲಿಲ್ಲ. 2014ರ ತಿದ್ದುಪಡಿ ಆ ತೊಡಕನ್ನು ಸಡಿಲಿಸಿದೆ. ಆದರೂ ಎಲ್ಲ ಊರುಗಳಿಗೆ ಮಾತ್ರೆ ತಲುಪಿಲ್ಲ. ಕೇರಳ ಸರ್ಕಾರ 2008ರಲ್ಲೇ ಉಪಶಾಮಕ ಆರೈಕೆಗೆ, ಎಂದರೆ ಗುಣವಾಗದ ರೋಗಿಯ ನೋವು ನೀಗುವ ಆರೈಕೆಗೆ, ಒಂದು ನೀತಿಯನ್ನು ತಂದಿತು. ಅಲ್ಲಿ ಪಂಚಾಯಿತಿಯ ಮೂಲಕ ದಾದಿಯರು ರೋಗಿಯ ಮನೆಗೇ ಹೋಗುತ್ತಾರೆ. ನಮ್ಮಲ್ಲಿ ಬೆಂಗಳೂರಿನ ಕರುಣಾಶ್ರಯ ಇಂಥ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ದೂರದ ಹಳ್ಳಿಯ ರೋಗಿಗೆ ಅದರಿಂದ ಏನು ಬಂತು?

ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತಿ. ಮಾರ್ಫಿನ್ ಎಲ್ಲಿ ಸಿಗುತ್ತದೆ, ದಾದಿ ಮನೆಗೆ ಬರುತ್ತಾರೆಯೇ ಎಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ, ಗ್ರಾಮಸಭೆಯಲ್ಲೂ ಕೇಳಿ. ಊರಲ್ಲಿ ಇಂಥ ರೋಗಿ ಇದ್ದರೆ ರಾತ್ರಿ ಕೂರಲು ಪಾಳಿ ಹಾಕಿ. ಆ ಪಾಳಿಯಲ್ಲಿ ಮೊದಲ ಹೆಸರು ಆ ಮನೆಯ ಗಂಡಸರದ್ದೇ ಇರಲಿ.